ಲೋಡ್ ಇಲ್ಲದೆಯೂ ರೀಡಿಂಗ್ ಸರಿಯುತ್ತಿದ್ದರೆ: ಸ್ಟ್ರೇನ್ ಗೇಜ್ ಚಾನೆಲ್‌ನಲ್ಲಿ ದೋಷ ಹುಡುಕುವ ಬಗೆ

ಬೆಂಗಳೂರಿನ ಒಂದು ಸ್ಟ್ರಕ್ಚರಲ್ ಟೆಸ್ಟ್ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ವಿಮಾನದ ರೆಕ್ಕೆ, ಬಾಲದ ಭಾಗ, ಬ್ರಾಕೆಟ್ಟು ಇವನ್ನೆಲ್ಲ ರಿಗ್ಗಿಗೆ ಕಟ್ಟಿ, ಹೈಡ್ರಾಲಿಕ್ ಜ್ಯಾಕ್‌ನಿಂದ ಎಳೆದು, ಬಗ್ಗಿಸಿ ನೋಡುವ ಕೆಲಸ ನಮ್ಮದು. ಎಲ್ಲಿ ಎಷ್ಟು ಹಿಗ್ಗಿತು, ಎಲ್ಲಿ ಎಷ್ಟು ಕುಗ್ಗಿತು ಅನ್ನುವುದನ್ನು ಲೋಹದ ಮೈಮೇಲೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳು ಹೇಳುತ್ತವೆ. ಲೆಕ್ಕ ಹಾಕುವವರು ಎಂಜಿನಿಯರ್‌ಗಳು. ಆದರೆ ಗೇಜ್ ಅಂಟಿಸುವುದು, ವೈರ್ ಬೆಸುಗೆ ಹಾಕುವುದು, ಚಾನೆಲ್ (ಒಂದು ಗೇಜ್‌ನಿಂದ ಪರದೆಯವರೆಗಿನ ದಾರಿ) ಸರಿಯಾಗಿದೆ ಅಂತ ಸಹಿ ಹಾಕುವುದು ನಾವು. ಹಾಗಾಗಿ ರೀಡಿಂಗ್ ಸುಳ್ಳು ಹೇಳಿದರೆ ಮೊದಲು ಉತ್ತರ ಕೊಡಬೇಕಾದವರೂ ನಾವೇ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದು ಇದು. ಮಳೆಗಾಲ. ರೆಕ್ಕೆಯ ಒಂದು ಭಾಗ ರಿಗ್‌ನಲ್ಲಿತ್ತು, ಲೋಡ್ ಇನ್ನೂ ಹಾಕಿರಲಿಲ್ಲ. ಬೆಳಿಗ್ಗೆ 7 ಗಂಟೆಗೆ ಸಿಸ್ಟಮ್ ಆನ್ ಮಾಡಿದಾಗ 14ನೇ ಚಾನೆಲ್ ಮೈನಸ್ 160 ಮೈಕ್ರೋಸ್ಟ್ರೇನ್ ತೋರಿಸಿತು. ಒಂದು ಮೈಕ್ರೋಸ್ಟ್ರೇನ್ ಅಂದರೆ ಉದ್ದದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಬದಲಾವಣೆ; ಪ್ಲಸ್ ಅಂದರೆ ಹಿಗ್ಗಿದ್ದು, ಮೈನಸ್ ಅಂದರೆ ಕುಗ್ಗಿದ್ದು. ಉಳಿದವೆಲ್ಲ ಸೊನ್ನೆಯ ಆಸುಪಾಸಿನಲ್ಲಿದ್ದವು. ನಾನು ಸುಮ್ನೆ ಝೀರೋ ಒತ್ತಿದೆ. ಎಲ್ಲ ಸೊನ್ನೆಗೆ ಬಂತು. ಬೆಳಗಿನ ಶಿಫ್ಟ್‌ನಲ್ಲಿ ಲೋಡ್ ಹಾಕಿ, ಇಳಿಸಿ, ಮಧ್ಯಾಹ್ನ 2 ಗಂಟೆಗೆ ನೋಡಿದರೆ ಅದೇ ಚಾನೆಲ್‌ನಲ್ಲಿ ಪ್ಲಸ್ 130 ಉಳಿದಿತ್ತು.

ಲೋಡ್ ಪೂರ್ತಿ ಇಳಿದ ಮೇಲೂ 130 ಉಳಿದಿದೆ ಅಂದರೆ ಎಂಜಿನಿಯರ್ ಏನಂದುಕೊಳ್ಳಬೇಕು? ಸ್ಪಾರ್‌ನ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯ) ಅಲ್ಯೂಮಿನಿಯಂ ಮತ್ತೆ ಮೊದಲಿನ ಅಳತೆಗೆ ಬಂದಿಲ್ಲ, ಶಾಶ್ವತವಾಗಿ ಹಿಗ್ಗಿಬಿಟ್ಟಿದೆ ಅಂತ. ಟೆಸ್ಟ್ ನಿಂತಿತು. ಫಾಸ್ಟೆನರ್‌ಗಳನ್ನೆಲ್ಲ ಒಂದೊಂದಾಗಿ ನೋಡಿದರು, ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಸಂಜೆ ನಮ್ಮ ಹಿರಿಯ ಟೆಕ್ನಿಷಿಯನ್ ಬಂದು ನನ್ನ ಪಕ್ಕ ಕೂತು ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಝೀರೋ ಮಾಡೋಕೆ ಮುಂಚೆ ಎಷ್ಟಿತ್ತಪ್ಪ? ಬರ್ಕೊಂಡಿದ್ಯಾ?"

ಬರೆದುಕೊಂಡಿರಲಿಲ್ಲ. 160 ಅನ್ನುವುದು ನನ್ನ ನೆನಪಿನಲ್ಲಿತ್ತು ಅಷ್ಟೇ, ಲಾಗ್ ಬುಕ್ಕಿನಲ್ಲಿ ಇರಲಿಲ್ಲ. ಆ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಅವರು ನನ್ನನ್ನು ಜೊತೆಗಿಟ್ಟುಕೊಂಡು ದೋಷ ಹುಡುಕಿದರು. ಆಮೇಲಿನ ವರ್ಷಗಳಲ್ಲಿ ನಾನು ಕಲಿತದ್ದನ್ನೂ ಸೇರಿಸಿ, ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಡಿಪ್ಲೊಮಾ ಅಥವಾ ಐಟಿಐ ಮುಗಿಸಿ ಈಗಷ್ಟೇ ಇಂಥ ಲ್ಯಾಬಿಗೆ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಅಳೆಯುತ್ತಿರುವುದು ಎಷ್ಟು ಚಿಕ್ಕದು ಅಂತ ಮೊದಲು ತಿಳಿಯಿರಿ

ಸ್ಟ್ರೇನ್ ಗೇಜ್ ಅಂದರೆ ತೆಳುವಾದ ಹಾಳೆಯ ಮೇಲೆ ಹಾವಿನಂತೆ ಹೋಗಿ ಬರುವ ಲೋಹದ ಗೆರೆ. ಕೆಳಗಿನ ಲೋಹ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ಅದರ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಕುಗ್ಗಿದರೆ ಕಡಿಮೆಯಾಗುತ್ತದೆ. ಇಷ್ಟೇ. 1938ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಈ ಉಪಾಯ ಕಂಡುಕೊಂಡರು. ರೂಜ್ ಅವರಿಗೆ ಬೇಕಾಗಿದ್ದು ಭೂಕಂಪದಲ್ಲಿ ನೀರಿನ ಟ್ಯಾಂಕ್ ಹೇಗೆ ನಿಲ್ಲುತ್ತದೆ ಅಂತ ಮಾದರಿಯ ಮೇಲೆ ಅಳೆಯುವುದು. ಆ ಉಪಾಯ ಬಹಳ ಬೇಗ ವಿಮಾನದವರ ಕೈಗೆ ಬಂತು.

ಈಗ ಲೆಕ್ಕ ನೋಡಿ. ನಮ್ಮ ಗೇಜ್ 350 ಓಮ್, ಗೇಜ್ ಫ್ಯಾಕ್ಟರ್ (ಸ್ಟ್ರೇನ್‌ನ ಎಷ್ಟು ಪಟ್ಟು ರೆಸಿಸ್ಟೆನ್ಸ್ ಬದಲಾಗುತ್ತದೆ ಅನ್ನುವ ಅಂಕಿ) ಸುಮಾರು 2. ಲೋಹ 1000 ಮೈಕ್ರೋಸ್ಟ್ರೇನ್ ಹಿಗ್ಗಿದರೆ ರೆಸಿಸ್ಟೆನ್ಸ್ ಬದಲಾಗುವುದು 0.7 ಓಮ್ ಮಾತ್ರ. ಒಂದು ಮೈಕ್ರೋಸ್ಟ್ರೇನ್‌ಗೆ 0.0007 ಓಮ್. ಗೇಜ್ ಕೂರುವ ನಾಲ್ಕು ತೋಳಿನ ಸರ್ಕ್ಯೂಟ್‌ಗೆ ಬ್ರಿಡ್ಜ್ ಅನ್ನುತ್ತೇವೆ; ಒಂದೇ ತೋಳಿನಲ್ಲಿ ಗೇಜ್ ಇದ್ದರೆ ಅದು ಕ್ವಾರ್ಟರ್ ಬ್ರಿಡ್ಜ್. ಬ್ರಿಡ್ಜ್‌ಗೆ 5 ವೋಲ್ಟ್ ಕೊಟ್ಟರೆ ಕ್ವಾರ್ಟರ್ ಬ್ರಿಡ್ಜ್‌ನಿಂದ ಒಂದು ಮೈಕ್ರೋಸ್ಟ್ರೇನ್‌ಗೆ ಬರುವುದು 2.5 ಮೈಕ್ರೋವೋಲ್ಟ್. ಇಷ್ಟು ಚಿಕ್ಕದನ್ನು ಅಳೆಯುವಾಗ ಲೋಹ ಹಿಗ್ಗದೆಯೂ ರೆಸಿಸ್ಟೆನ್ಸ್ ಬದಲಿಸುವ ಯಾವುದೇ ವಸ್ತು ನಮಗೆ ಸ್ಟ್ರೇನ್ ಆಗಿಯೇ ಕಾಣುತ್ತದೆ. ಸಡಿಲ ಪಿನ್, ಬಿಸಿಯಾದ ತಾಮ್ರ, ಬೆವರಿನ ಬೆರಳು, ತೇವ, ಎಲ್ಲವೂ. ಕನೆಕ್ಟರ್‌ನ ಒಂದು ಪಿನ್ 0.1 ಓಮ್ ಏರುಪೇರಾದರೆ ಸಾಕು, ಪರದೆಯ ಮೇಲೆ ಸುಮಾರು 140 ಮೈಕ್ರೋಸ್ಟ್ರೇನ್ ಮೂಡುತ್ತದೆ.

ಕೈ ಹಾಕುವ ಮುಂಚೆ

ರಿಗ್‌ನಲ್ಲಿ ತುಂಡು ಕಟ್ಟಿದ್ದರೆ ಜ್ಯಾಕ್‌ನ ಒತ್ತಡ ಇಳಿಸಿ, ಪಂಪ್ ಬಂದ್ ಮಾಡಿ, ಕಂಟ್ರೋಲ್ ಪ್ಯಾನೆಲ್‌ಗೆ ಟ್ಯಾಗ್ ಹಾಕಿ, ಟೆಸ್ಟ್ ಎಂಜಿನಿಯರ್‌ಗೆ ಬಾಯಿಬಿಟ್ಟು ಹೇಳಿ, ಆಮೇಲೆ ಹತ್ತಿರ ಹೋಗಿ. ಗೇಜ್ ನೋಡಲು ರೆಕ್ಕೆಯ ಕೆಳಗೆ ಮಲಗಿದಾಗ ಮೇಲಿನಿಂದ ಯಾರೋ ಲೋಡ್ ಕೊಡುವ ಸಾಧ್ಯತೆಯೇ ಇರಬಾರದು.

ಇನ್ನು ಝೀರೋ ಬಟನ್. ದೋಷದ ಅನುಮಾನ ಬಂದ ಕೂಡಲೇ ಅದರಿಂದ ಕೈ ತೆಗೆಯಿರಿ. ಝೀರೋ ಒತ್ತಿದರೆ ದೋಷ ಹೋಗುವುದಿಲ್ಲ, ದೋಷ ಎಷ್ಟಿತ್ತು ಅನ್ನುವ ಅಂಕಿ ಮಾತ್ರ ಹೋಗುತ್ತದೆ. ಆ ಅಂಕಿ, ಅದರ ಚಿಹ್ನೆ, ಹೊತ್ತು, ಆಗಿನ ಉಷ್ಣಾಂಶ, ಮಳೆ ಬಂದಿತ್ತೋ ಇಲ್ಲವೋ, ಇವಿಷ್ಟನ್ನೂ ಬರೆದಿಟ್ಟುಕೊಳ್ಳಿ. ನನ್ನ ವಿಷಯದಲ್ಲಿ ಮೈನಸ್ 160 ಅನ್ನುವ ಒಂದು ಅಂಕಿ ಲಾಗ್‌ನಲ್ಲಿ ಇದ್ದಿದ್ದರೆ ಬಿರುಕು ಹುಡುಕುವ ಕೆಲಸವೇ ಶುರುವಾಗುತ್ತಿರಲಿಲ್ಲ. ಬೆಳಿಗ್ಗೆಯೇ ಮೈನಸ್ 160 ಇದ್ದ ಚಾನೆಲ್ ಮಧ್ಯಾಹ್ನ ಮೈನಸ್ 30ಕ್ಕೆ ಬಂದಿದೆ ಅಂತ ಯಾರಿಗಾದರೂ ತಕ್ಷಣ ಗೊತ್ತಾಗುತ್ತಿತ್ತು.

ಸರಿಯುವ ರೀತಿಯನ್ನು ನೋಡಿ

ಮಲ್ಟಿಮೀಟರ್ ಎತ್ತಿಕೊಳ್ಳುವ ಮುಂಚೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಇಡೀ, ಲೋಡ್ ಇಲ್ಲದೆ ಆ ಚಾನೆಲ್ ರೆಕಾರ್ಡ್ ಮಾಡಿ. ಗ್ರಾಫ್‌ನ ಆಕಾರವೇ ಅರ್ಧ ಉತ್ತರ ಹೇಳುತ್ತದೆ.

ರೀಡಿಂಗ್ ಸ್ಕೇಲ್‌ನ ತುದಿಗೆ ಹೋಗಿ ಅಂಟಿಕೊಂಡಿದ್ದರೆ ಎಲ್ಲೋ ವೈರ್ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಇದು ಸುಲಭದ ದೋಷ. ಇದ್ದಕ್ಕಿದ್ದಂತೆ ಹಾರಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೆ ಹಾರಿದರೆ ಸಡಿಲ ಕನೆಕ್ಟರ್ ಅಥವಾ ಡ್ರೈ ಜಾಯಿಂಟ್ (ಸರಿಯಾಗಿ ಕೂಡದ ಬೆಸುಗೆ). ಸಿಸ್ಟಮ್ ಆನ್ ಮಾಡಿದ ಮೇಲೆ ನಿಧಾನವಾಗಿ ಏರಿ ಕೆಲವು ನಿಮಿಷಗಳಲ್ಲಿ ಒಂದು ಕಡೆ ನಿಂತರೆ ಗೇಜ್ ತನ್ನದೇ ಕರೆಂಟಿನಿಂದ ಬಿಸಿಯಾಗುತ್ತಿದೆ. ದಪ್ಪ ಹುರಿಯಂತೆ ಮೇಲೆ ಕೆಳಗೆ ನಡುಗುತ್ತಿದ್ದರೆ ಕರೆಂಟ್ ಲೈನಿನ 50 ಹರ್ಟ್ಸ್ ಗದ್ದಲ. ಹಗಲು ರಾತ್ರಿಯ ಜೊತೆ ಏರಿಳಿದರೆ ಉಷ್ಣಾಂಶ ಅಥವಾ ತೇವ, ಎರಡರಲ್ಲಿ ಒಂದು.

ಈ ಕೊನೆಯದೇ ಎಲ್ಲರನ್ನೂ ಜಾಸ್ತಿ ದಾರಿ ತಪ್ಪಿಸುವುದು. ಯಾಕೆಂದರೆ ನಮ್ಮೂರಿನ ಮಳೆಗಾಲದಲ್ಲಿ ಉಷ್ಣಾಂಶ ಮತ್ತು ತೇವ ಒಟ್ಟಿಗೇ ಬದಲಾಗುತ್ತವೆ. ಬೆಳಿಗ್ಗೆ ತಂಪು, ಗಾಳಿಯಲ್ಲಿ ನೀರು. ಮಧ್ಯಾಹ್ನ ಶೀಟ್ ಛಾವಣಿ ಕಾಯುತ್ತದೆ, ಶೆಡ್ ಒಣಗುತ್ತದೆ. ಇವೆರಡನ್ನೂ ಬೇರೆ ಮಾಡಿ ನೋಡಲು ಒಂದು ಉಪಾಯ ಇದೆ. ಅದೇ ಲೋಹದ ಒಂದು ಚಿಕ್ಕ ತುಂಡಿಗೆ ಅದೇ ಬ್ಯಾಚ್‌ನ ಗೇಜ್ ಅಂಟಿಸಿ, ಅದೇ ಉದ್ದದ ವೈರ್ ಹಾಕಿ, ಟೆಸ್ಟ್ ಆಗುವ ಜಾಗದ ಪಕ್ಕದಲ್ಲೇ ಲೋಡ್ ಇಲ್ಲದೆ ಇಡಿ. ಇದಕ್ಕೆ ನಾವು ಡಮ್ಮಿ ಅನ್ನುತ್ತೇವೆ. ಡಮ್ಮಿಯೂ ಅಷ್ಟೇ ಸರಿದರೆ ಉಷ್ಣಾಂಶ. ಡಮ್ಮಿ ನಿಂತಲ್ಲೇ ನಿಂತು, ಅನುಮಾನದ ಚಾನೆಲ್ ಒಂದೇ ಸರಿದರೆ ದೋಷ ಆ ಚಾನೆಲ್‌ನದ್ದೇ.

ಚಿಹ್ನೆಯನ್ನೂ ಗಮನಿಸಿ. ಗೇಜ್‌ಗೆ ಪಕ್ಕದ ದಾರಿಯೊಂದು ಹುಟ್ಟಿಕೊಂಡು ಕರೆಂಟ್ ಸೋರಿದರೆ ರೆಸಿಸ್ಟೆನ್ಸ್ ಯಾವಾಗಲೂ ಕಡಿಮೆಯೇ ಆಗುತ್ತದೆ, ಹೆಚ್ಚಾಗಲು ಸಾಧ್ಯವೇ ಇಲ್ಲ. ಅಂದರೆ ರೀಡಿಂಗ್ ಮೈನಸ್ ಕಡೆಗೇ ಹೋಗುತ್ತದೆ, ಲೋಹ ಕುಗ್ಗಿದ ಹಾಗೆ. ಒದ್ದೆ ಬೆಳಿಗ್ಗೆ ಮೈನಸ್, ಒಣ ಮಧ್ಯಾಹ್ನ ಮತ್ತೆ ಸೊನ್ನೆಯ ಹತ್ತಿರ: ಇದನ್ನು ಕಂಡರೆ ನನಗೆ ಮೊದಲು ತೇವದ ಮೇಲೆಯೇ ಅನುಮಾನ ಬರುತ್ತದೆ.

ಅರ್ಧ ಮಾಡುತ್ತಾ ಹೋಗಿ

ಗೇಜ್‌ನಿಂದ ಪರದೆಯವರೆಗೆ ದಾರಿ ಉದ್ದ: ಗೇಜ್, ಟರ್ಮಿನಲ್, ಲೀಡ್ ವೈರ್, ಕನೆಕ್ಟರ್, ಕೇಬಲ್, ಇನ್ನೊಂದು ಕನೆಕ್ಟರ್, ಆಂಪ್ಲಿಫೈಯರ್. ಒಂದು ತುದಿಯಿಂದ ಶುರು ಮಾಡಿ ಒಂದೊಂದೇ ನೋಡಿದರೆ ದಿನ ಹೋಗುತ್ತದೆ. ಮಧ್ಯದಲ್ಲಿ ಕತ್ತರಿಸಿ ನೋಡಿ.

ಮೊದಲು ಅನುಮಾನದ ಚಾನೆಲ್‌ನ ಪ್ಲಗ್ ತೆಗೆದು, ಚೆನ್ನಾಗಿರುವ ಪಕ್ಕದ ಚಾನೆಲ್‌ನ ಸಾಕೆಟ್‌ಗೆ ಹಾಕಿ. ದೋಷ ಪ್ಲಗ್ ಜೊತೆ ಹೋದರೆ ಕೇಬಲ್ ಅಥವಾ ಗೇಜ್ ಕಡೆ ಇದೆ. ಹಳೆಯ ಸಾಕೆಟ್‌ನಲ್ಲೇ ಉಳಿದರೆ ಆಂಪ್ಲಿಫೈಯರ್ ಕಡೆ ಇದೆ. ಎರಡೂ ಚಾನೆಲ್‌ನ ಸೆಟ್ಟಿಂಗ್ ಒಂದೇ ಇರಲಿ, ಇಲ್ಲದಿದ್ದರೆ ಈ ಬದಲಾವಣೆಯೇ ಹೊಸ ಗೊಂದಲ ತರುತ್ತದೆ.

ಆಮೇಲೆ 350 ಓಮ್‌ನ ಪ್ರಿಸಿಷನ್ ರೆಸಿಸ್ಟರ್ ತೆಗೆದುಕೊಳ್ಳಿ. ಗೇಜ್ ಬಿಡಿಸಿ ಅದರ ಜಾಗದಲ್ಲಿ, ಕೇಬಲ್‌ನ ದೂರದ ತುದಿಗೆ ಇದನ್ನು ಹಾಕಿ. ರೀಡಿಂಗ್ ನಿಂತರೆ ಕೇಬಲ್ ಸರಿ, ಗೇಜ್ ಕಡೆ ತೊಂದರೆ. ಸರಿಯುತ್ತಲೇ ಇದ್ದರೆ ಕೇಬಲ್ ಅಥವಾ ಕನೆಕ್ಟರ್. ಆಗ ಇಬ್ಬರು ಬೇಕು. ಒಬ್ಬರು ಪರದೆ ನೋಡಲಿ, ಇನ್ನೊಬ್ಬರು ಕೇಬಲನ್ನು ಒಂದೊಂದು ಗೇಣು ಮೆಲ್ಲಗೆ ಅಲುಗಿಸುತ್ತಾ ಬರಲಿ. "ಹಾರ್ತು" ಅಂತ ಕೂಗಿದ ಜಾಗದಲ್ಲೇ ಟೇಪ್ ಸುತ್ತಿ ಗುರುತು ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕನೆಕ್ಟರ್ ಬದಲಿಸಿ, ಅದೇ ಹೊತ್ತಿಗೆ ಗೇಜ್ ಟರ್ಮಿನಲ್‌ಗೂ ಮತ್ತೆ ಬೆಸುಗೆ ಹಾಕಿಬಿಟ್ಟರೆ ದೋಷ ಹೋಗಬಹುದು. ಆದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಉಳಿದ 80 ಚಾನೆಲ್‌ಗಳಲ್ಲೂ ಅದೇ ತಪ್ಪು ಇದೆಯಾ ಅನ್ನುವ ಪ್ರಶ್ನೆಗೆ ಆಗ ಉತ್ತರವೇ ಇರುವುದಿಲ್ಲ.

ವೈರ್ ಬಿಸಿಯಾದರೆ

ಲೀಡ್ ವೈರ್ ಎರಡೇ ಎಳೆಯಾಗಿದ್ದರೆ ಅದನ್ನು ಮೊದಲು ನೋಡಿ. 26 ಗೇಜ್ (ಇಲ್ಲಿ ಗೇಜ್ ಅಂದರೆ ವೈರ್ ದಪ್ಪದ ಅಳತೆ, AWG) ತಾಮ್ರದ ವೈರ್ 20 ಮೀಟರ್ ದೂರ ಹೋಗಿ ಬಂದರೆ ಒಟ್ಟು ರೆಸಿಸ್ಟೆನ್ಸ್ ಸುಮಾರು 5.4 ಓಮ್. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಡಿಮೆ ಶೇ. 0.39 ಏರುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಶೆಡ್ 10 ಡಿಗ್ರಿ ಕಾದರೆ 0.21 ಓಮ್ ಹೆಚ್ಚಾಯಿತು. 350 ಓಮ್ ಗೇಜ್‌ನಲ್ಲಿ ಇದು ಸುಮಾರು 300 ಮೈಕ್ರೋಸ್ಟ್ರೇನ್! ಲೋಹ ಕದಲಿಯೇ ಇಲ್ಲ. 120 ಓಮ್ ಗೇಜ್ ಆಗಿದ್ದರೆ ಇದರ ಮೂರರಷ್ಟು ಹತ್ತಿರ.

ಅದಕ್ಕೇ ಮೂರು ವೈರ್ ಹಾಕುವುದು. ಗೇಜ್‌ನ ಒಂದು ಟ್ಯಾಬ್‌ನಿಂದ ಒಂದು, ಇನ್ನೊಂದು ಟ್ಯಾಬ್‌ನಿಂದ ಎರಡು. ಕರೆಂಟ್ ಹೋಗುವ ಎರಡು ವೈರ್‌ಗಳು ಬ್ರಿಡ್ಜ್‌ನ ಅಕ್ಕಪಕ್ಕದ ತೋಳುಗಳಲ್ಲಿ ಬೀಳುವುದರಿಂದ ಅವುಗಳ ಬಿಸಿ ಒಂದನ್ನೊಂದು ರದ್ದು ಮಾಡುತ್ತದೆ. ಆದರೆ ಇದು ಕೆಲಸ ಮಾಡಬೇಕಾದರೆ ಎರಡೂ ಒಂದೇ ಉದ್ದ ಇರಬೇಕು, ಒಂದೇ ದಾರಿಯಲ್ಲಿ ಹೋಗಬೇಕು. ಒಂದು ವೈರ್ ಸಾಲದೆ ಬಂತು ಅಂತ ಅರ್ಧ ಮೀಟರ್ ಜೋಡಿಸಿದ್ದನ್ನು ನಾನು ಕಂಡಿದ್ದೇನೆ. ಹಾಗೆಯೇ ಮೂರು ವೈರ್ ಗೇಜ್ ಹತ್ತಿರ ಸೇರದೆ ಮಧ್ಯದ ಜಂಕ್ಷನ್ ಬಾಕ್ಸ್‌ನಲ್ಲಿ ಸೇರಿದ್ದರೆ, ಅಲ್ಲಿಂದ ಮುಂದಕ್ಕೆ ನಿಮ್ಮದು ಎರಡೇ ವೈರ್.

ಗೇಜ್ ಮತ್ತು ಲೋಹದ ಜೋಡಿ

ಎಲ್ಲ ಗೇಜ್‌ಗಳೂ ಎಲ್ಲ ಲೋಹಕ್ಕೆ ಹೊಂದುವುದಿಲ್ಲ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹಿಗ್ಗುವುದು ಒಂದು ಮೀಟರ್‌ಗೆ ಸುಮಾರು 23 ಮೈಕ್ರೋಮೀಟರ್, ಸ್ಟೀಲ್ ಸುಮಾರು 11. ಸ್ಟೀಲ್‌ಗೆ ಅಂತ ತಯಾರಿಸಿದ ಗೇಜ್ ಅಲ್ಯೂಮಿನಿಯಂ ಮೇಲೆ ಕೂತರೆ ಪ್ರತಿ ಡಿಗ್ರಿಗೆ 12 ಮೈಕ್ರೋಸ್ಟ್ರೇನ್ ಸುಳ್ಳು ಸೇರುತ್ತದೆ. 5 ಡಿಗ್ರಿಗೆ 60. ಪ್ಯಾಕೆಟ್ ಮೇಲಿನ ಅಂಕಿ ನೋಡುವಾಗ ಎಚ್ಚರ. ಕೆಲವು ಕಂಪನಿಗಳು ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸ್ಟೀಲ್‌ಗೆ 06, ಅಲ್ಯೂಮಿನಿಯಂಗೆ 13 ಅಂತ ಹಾಕುತ್ತವೆ. ಕೆಲವು ಸೆಲ್ಸಿಯಸ್ ಲೆಕ್ಕದಲ್ಲಿ 11, 23 ಅಂತ. 13 ನೋಡಿ ಇದು 11ರ ಹತ್ತಿರ ಇದೆ, ಸ್ಟೀಲ್‌ದು ಅಂತ ಅಂದುಕೊಂಡರೆ ಕೆಟ್ಟಿತು. ಪ್ಯಾಕೆಟ್ ಎಸೆಯಬೇಡಿ, ಟೆಸ್ಟ್ ಫೈಲ್‌ಗೆ ಅಂಟಿಸಿ ಇಡಿ.

ಕಾರ್ಬನ್ ಕಾಂಪೋಸಿಟ್ ಮೇಲೆ ಬೇರೆಯದೇ ತೊಂದರೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಕಾಂಪೋಸಿಟ್ ಹಾಗಲ್ಲ. 350 ಓಮ್ ಗೇಜ್‌ನ ಬ್ರಿಡ್ಜ್‌ಗೆ 5 ವೋಲ್ಟ್ ಕೊಟ್ಟರೆ ಗೇಜ್‌ನಲ್ಲಿ ಸುಮಾರು 18 ಮಿಲಿವಾಟ್ ಶಾಖ ಹುಟ್ಟುತ್ತದೆ. 10 ವೋಲ್ಟ್ ಕೊಟ್ಟರೆ ನಾಲ್ಕು ಪಟ್ಟು, 71 ಮಿಲಿವಾಟ್. 120 ಓಮ್ ಗೇಜ್‌ಗೆ 10 ವೋಲ್ಟ್ ಅಂದರೆ 200 ಮಿಲಿವಾಟ್ ದಾಟುತ್ತದೆ. ಪತ್ತೆ ಹಚ್ಚುವುದು ಸುಲಭ. ಎಕ್ಸೈಟೇಶನ್ ವೋಲ್ಟೇಜ್, ಅಂದರೆ ಬ್ರಿಡ್ಜ್‌ಗೆ ಕೊಡುವ ವೋಲ್ಟೇಜ್, ಅರ್ಧಕ್ಕೆ ಇಳಿಸಿ ಮತ್ತೆ ನೋಡಿ. ಸರಿಯುವುದು ನಿಂತರೆ ಅಥವಾ ತುಂಬಾ ಕಡಿಮೆಯಾದರೆ ಅದೇ ಕಾರಣ.

ಗದ್ದಲ

ಎಕ್ಸೈಟೇಶನ್ ಪೂರ್ತಿ ಆಫ್ ಮಾಡಿ. ನಡುಗುವುದು ಹಾಗೇ ಉಳಿದರೆ ಅದು ಗೇಜ್‌ನಿಂದ ಬರುತ್ತಿಲ್ಲ, ಹೊರಗಿನಿಂದ ಕೇಬಲ್ ಹಿಡಿದುಕೊಂಡದ್ದು. ಪಂಪ್ ಮೋಟರ್‌ನ ಡ್ರೈವ್, ಮೇಲಿನ ಕ್ರೇನ್, ಪಕ್ಕದ ಶೆಡ್‌ನ ವೆಲ್ಡಿಂಗ್ ಸೆಟ್, ಒಂದೊಂದನ್ನೇ ಆಫ್ ಮಾಡಿಸಿ ನೋಡಿ. ಶೀಲ್ಡನ್ನು (ಕೇಬಲ್ ಒಳಗಿನ ಲೋಹದ ಹೊದಿಕೆಯನ್ನು) ಒಂದೇ ತುದಿಯಲ್ಲಿ ಅರ್ಥ್ ಮಾಡಿರಬೇಕು. ಎರಡೂ ತುದಿಯಲ್ಲಿ ಮಾಡಿದರೆ ಶೀಲ್ಡ್ ಮೂಲಕವೇ ಕರೆಂಟ್ ಸುತ್ತುತ್ತದೆ. ಪವರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಸಿಗ್ನಲ್ ಕೇಬಲ್ ಮಲಗಿಸಿದ್ದರೆ ಎತ್ತಿ ದೂರ ಹಾಕಿ. ಇಷ್ಟರಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ.

ಶಂಟ್ ಕ್ಯಾಲಿಬ್ರೇಷನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಗೊತ್ತಿರುವ ರೆಸಿಸ್ಟರ್ ಒಂದನ್ನು ಗೇಜ್‌ಗೆ ಪ್ಯಾರಲಲ್ ಆಗಿ ಹಾಕಿ, ಬರಬೇಕಾದ ಅಂಕಿ ಬರುತ್ತದೆಯಾ ಅಂತ ನೋಡುವುದೇ ಶಂಟ್ ಕ್ಯಾಲಿಬ್ರೇಷನ್. 350 ಓಮ್ ಗೇಜ್‌ಗೆ ಪ್ಯಾರಲಲ್ ಆಗಿ 174.65 ಕಿಲೋಓಮ್ ರೆಸಿಸ್ಟರ್ ಹಾಕಿದರೆ, ಗೇಜ್ ಫ್ಯಾಕ್ಟರ್ 2 ಇದ್ದಾಗ, ಸರಿಯಾಗಿ ಮೈನಸ್ 1000 ಮೈಕ್ರೋಸ್ಟ್ರೇನ್ ಬರಬೇಕು. ಅರ್ಧ ಅಥವಾ ದುಪ್ಪಟ್ಟು ಬಂದರೆ ಸಾಫ್ಟ್‌ವೇರ್‌ನಲ್ಲಿ ಬ್ರಿಡ್ಜ್‌ನ ಬಗೆ ತಪ್ಪಾಗಿದೆ. ಶೇ. 1ರ ಆಸುಪಾಸು ಕಡಿಮೆ ಬಂದರೆ ಉದ್ದ ವೈರ್‌ನ ರೆಸಿಸ್ಟೆನ್ಸ್ ತಿನ್ನುತ್ತಿದೆ, ಅದಕ್ಕೆ ಲೆಕ್ಕದಲ್ಲಿ ತಿದ್ದುಪಡಿ ಇದೆ.

ಆದರೆ ಶಂಟ್ ಸರಿಯಾಗಿ ಬಂತು ಅಂದಮಾತ್ರಕ್ಕೆ ಗೇಜ್ ಸರಿಯಾಗಿದೆ ಅಂತ ಬರೆಯಬೇಡಿ. ಇದು ನಾನು ಹೊಸಬರಿಗೆ ಪದೇ ಪದೇ ಹೇಳುವ ಮಾತು. ಶಂಟ್ ಪರೀಕ್ಷಿಸುವುದು ವಿದ್ಯುತ್ ದಾರಿಯನ್ನು. ಗೇಜ್ ಲೋಹಕ್ಕೆ ಅಂಟಿದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೇಜ್ ಪೂರ್ತಿ ಕಿತ್ತು ಗಾಳಿಯಲ್ಲಿ ತೂಗಾಡುತ್ತಿದ್ದರೂ ಶಂಟ್ 1000 ತೋರಿಸುತ್ತದೆ!

ಅಂಟು ನೋಡಲು ಪೆನ್ಸಿಲ್ ಹಿಂದಿನ ರಬ್ಬರ್ ಸಾಕು. ಪರದೆ ನೋಡುತ್ತಾ ಗೇಜ್‌ನ ಮೇಲೆ ರಬ್ಬರ್‌ನಿಂದ ಮೆಲ್ಲಗೆ ಒತ್ತಿ ಬಿಡಿ. ರೀಡಿಂಗ್ ಸ್ವಲ್ಪ ಕದಲಿ, ಬಿಟ್ಟ ಕೂಡಲೇ ಮೊದಲಿನ ಅಂಕಿಗೆ ಬರಬೇಕು. ಬರದೆ ಬೇರೆಲ್ಲೋ ನಿಂತರೆ ಕೆಳಗೆ ಗಾಳಿಯ ಗುಳ್ಳೆ ಇದೆ ಅಥವಾ ಅಂಚು ಎದ್ದಿದೆ. ಅಂಥ ಗೇಜ್‌ಗೆ ಮದ್ದಿಲ್ಲ. ಕೆರೆದು ತೆಗೆದು ಹೊಸದು ಅಂಟಿಸಿ. ಅಂಚಿಗೆ ಒಂದು ಹನಿ ಅಂಟು ಬಿಟ್ಟು ಸುಧಾರಿಸೋಣ ಅನ್ನುವ ಆಸೆ ಬೇಡ.

ತೇವ: 14ನೇ ಚಾನೆಲ್‌ಗೆ ಆದದ್ದು

ಆ ರಾತ್ರಿ ನಾವು ಚಾನೆಲ್ ರೆಕಾರ್ಡ್ ಮಾಡಲು ಬಿಟ್ಟು ಹೋದೆವು. ಬೆಳಿಗ್ಗೆ ಗ್ರಾಫ್ ನೋಡಿದರೆ ನಡುರಾತ್ರಿ ಮಳೆ ಶುರುವಾದ ಮೇಲೆ ನಿಧಾನವಾಗಿ ಮೈನಸ್ ಕಡೆ ಇಳಿದಿತ್ತು. ಡಮ್ಮಿ ನಾಲ್ಕೈದು ಮೈಕ್ರೋಸ್ಟ್ರೇನ್ ಒಳಗೇ ಇತ್ತು. ಪ್ಲಗ್ ಬದಲಿಸಿದಾಗ ದೋಷ ಪ್ಲಗ್ ಜೊತೆ ಹೋಯಿತು. ಕೇಬಲ್ ತುದಿಗೆ ರೆಸಿಸ್ಟರ್ ಹಾಕಿದಾಗ ರೀಡಿಂಗ್ ಅಲುಗಾಡಲಿಲ್ಲ. ಉಳಿದದ್ದು ಗೇಜ್ ಮತ್ತು ಅದರ ಟರ್ಮಿನಲ್.

ಆಗ ಇನ್ಸುಲೇಷನ್ ಅಳೆದೆವು. ಗೇಜ್ ಮತ್ತು ರೆಕ್ಕೆಯ ಲೋಹದ ನಡುವೆ ಎಷ್ಟು ರೆಸಿಸ್ಟೆನ್ಸ್ ಇದೆ ಅಂತ ನೋಡುವುದು ಇದು. ಮೊದಲು ಆಂಪ್ಲಿಫೈಯರ್‌ನಿಂದ ಚಾನೆಲ್ ಬಿಡಿಸಬೇಕು. ಎಲೆಕ್ಟ್ರಿಷಿಯನ್‌ಗಳು ಮೋಟರ್ ನೋಡಲು ಬಳಸುವ 500 ವೋಲ್ಟ್ ಮೆಗ್ಗರ್ ಖಂಡಿತ ಬೇಡ. ಗೇಜ್‌ನ ಕೆಳಗಿನ ಹಾಳೆ ಕೂದಲಿಗಿಂತ ತೆಳುವು, ತೂತಾಗಬಹುದು. ಗೇಜ್‌ಗೆ ಅಂತಲೇ ಕಡಿಮೆ ವೋಲ್ಟೇಜ್‌ನ ಟೆಸ್ಟರ್ ಸಿಗುತ್ತದೆ. ಸಾಮಾನ್ಯ ಮಲ್ಟಿಮೀಟರ್ ಕೆಲವು ಹತ್ತು ಮೆಗಾಓಮ್ ದಾಟಿದರೆ "ಓವರ್" ಅನ್ನುತ್ತದೆ, ಅದನ್ನು ನಂಬಿ ಚೆನ್ನಾಗಿದೆ ಅಂತ ಬರೆಯಲು ಆಗುವುದಿಲ್ಲ. ಹೊಸ ಗೇಜ್‌ಗೆ ನಾವು ಇಟ್ಟುಕೊಂಡ ಗೆರೆ 10,000 ಮೆಗಾಓಮ್.

14ನೇ ಚಾನೆಲ್ ತೋರಿಸಿದ್ದು 1 ಮೆಗಾಓಮ್‌ಗಿಂತ ಕಡಿಮೆ!

ಲೆಕ್ಕ ಕೂಡಿಬಂತು. 350 ಓಮ್ ಗೇಜ್‌ನ ಎರಡು ಟ್ಯಾಬ್‌ಗಳ ನಡುವೆ 1 ಮೆಗಾಓಮ್ ಸೋರುವ ದಾರಿ ಇದ್ದರೆ ರೀಡಿಂಗ್ ಮೈನಸ್ 175 ಆಗುತ್ತದೆ. 10 ಮೆಗಾಓಮ್ ಆದರೆ 17.5. 100 ಮೆಗಾಓಮ್ ಆದರೆ 2ಕ್ಕಿಂತ ಕಡಿಮೆ. ನಾನು ಕಂಡ ಮೈನಸ್ 160 ಇದೇ ಸಾಲಿನದ್ದು. ಮಧ್ಯಾಹ್ನ ಒಣಗಿದಂತೆ ದಾರಿ ಸಣ್ಣದಾಗಿ ಮೈನಸ್ 30ಕ್ಕೆ ಬಂದಿತ್ತು. ನಾನು ಬೆಳಗಿನ ಒದ್ದೆ ಅಂಕಿಯನ್ನು ಸೊನ್ನೆ ಅಂತ ಕರೆದಿದ್ದರಿಂದ ಅದು ಪ್ಲಸ್ 130 ಆಗಿ ಕಂಡಿತ್ತು.

ಮೇಲಿನ ಲೇಪನ ಎಬ್ಬಿಸಿ ಭೂತಗನ್ನಡಿಯಲ್ಲಿ ನೋಡಿದೆವು. ಟರ್ಮಿನಲ್ ಸುತ್ತ ಕಂದು ಬಣ್ಣದ ಅಂಟು ಅಂಟಾದ ಪದರ. ಬೆಸುಗೆ ಹಾಕಿದ ಮೇಲೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ರಾಳ) ತೊಳೆದಿರಲಿಲ್ಲ. ಅದು ಲೇಪನದ ಕೆಳಗೆ ಕೂತು ಗಾಳಿಯ ನೀರನ್ನು ಹೀರುತ್ತಿತ್ತು. ಬೇಸಿಗೆಯಲ್ಲಿ ಅಂಟಿಸಿದ ಗೇಜ್ ಅದು. ಅಂಟಿಸಿದ ದಿನ ಎಲ್ಲ ಸರಿಯಾಗಿಯೇ ಬಂದಿತ್ತು. ಮಳೆ ಬಂದ ಮೇಲೆ ಬಯಲಾಯಿತು.

ಸರಿಮಾಡುವ ಕೆಲಸ

ಫ್ಲಕ್ಸ್ ತೊಳೆಯಲು ರಾಸಿನ್ ಕರಗಿಸುವ ದ್ರಾವಣ ಬೇಕು. ಮೆತ್ತನೆ ಬ್ರಷ್‌ನಿಂದ ಉಜ್ಜಿ, ಹೊಸ ಹತ್ತಿಯಿಂದ ಒರೆಸಿ, ಮತ್ತೆ ತೊಳೆದು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಹತ್ತಿಯಲ್ಲಿ ಬಣ್ಣ ಬರುವುದು ನಿಲ್ಲುವವರೆಗೆ ಬಿಡಬೇಡಿ. ಒಂದೇ ದಿಕ್ಕಿಗೆ ಒರೆಸಿ, ಒಂದು ಹತ್ತಿಯಲ್ಲಿ ಎರಡು ಸಲ ಒರೆಸಿದರೆ ತೆಗೆದ ಕೊಳೆಯನ್ನೇ ಮತ್ತೆ ಹಚ್ಚಿದ ಹಾಗೆ. ವೈರ್‌ನ ಹೊದಿಕೆಯ ಕೆಳಗೆ ನುಗ್ಗಿದ ಫ್ಲಕ್ಸನ್ನೂ ಮರೆಯಬೇಡಿ. ಆಮೇಲೆ ಬಿಸಿ ಗಾಳಿಯಿಂದ ಹದವಾಗಿ ಒಣಗಿಸಿ. ಕೈಗೆ ತಡೆಯುವಷ್ಟು ಬಿಸಿ ಸಾಕು, ಜಾಸ್ತಿ ಕಾಯಿಸಿದರೆ ಗೇಜ್‌ನ ಅಂಟು ಹೋಗುತ್ತದೆ.

ಒಣಗಿದ ಮೇಲೆ ಮತ್ತೆ ಇನ್ಸುಲೇಷನ್ ಅಳೆಯಿರಿ. ಗೆರೆ ದಾಟದಿದ್ದರೆ ಮತ್ತೆ ತೊಳೆಯಿರಿ. ದಾಟಿದ ಮೇಲೆ ಮಾತ್ರ ಲೇಪನ. ಒದ್ದೆ ಗೇಜ್ ಮೇಲೆ ಲೇಪನ ಹಾಕಿದರೆ ನೀರನ್ನು ಒಳಗೇ ಬೀಗ ಹಾಕಿ ಇಟ್ಟಂತೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಬೆವರಲ್ಲಿ ಉಪ್ಪಿದೆ. ಲೇಪನಕ್ಕೆ ಪಾಲಿಯುರೆಥೇನ್, ಮೇಲೆ ಸಿಲಿಕೋನ್ ಸಾಮಾನ್ಯ. ಆದರೆ ಬಾತ್‌ರೂಮ್‌ಗೆ ಹಚ್ಚುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಅಂತ ತಂದು ಹಾಕಬೇಡಿ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರದ ಟರ್ಮಿನಲ್ ತಿನ್ನುತ್ತದೆ. ಎಲೆಕ್ಟ್ರಾನಿಕ್ಸ್‌ಗೆ ಅಂತ ಬರುವ, ಆಮ್ಲ ಬಿಡದ ಬಗೆಯನ್ನೇ ತರಿಸಿ. ಲೀಡ್ ವೈರ್ ಟೆಫ್ಲಾನ್ ಹೊದಿಕೆಯದಾಗಿದ್ದರೆ ಯಾವ ಲೇಪನವೂ ಅದಕ್ಕೆ ಅಂಟುವುದಿಲ್ಲ, ಎಚಿಂಗ್ ಮಾಡಿದ (ಅಂಟು ಹಿಡಿಯುವಂತೆ ಹೊದಿಕೆಯ ಮೈಯನ್ನು ರಾಸಾಯನಿಕದಿಂದ ಹದ ಮಾಡಿದ) ವೈರ್ ಬೇಕು. ಇಲ್ಲವಾದರೆ ವೈರ್‌ಗುಂಟ ನೀರು ಒಳಗೆ ಇಳಿಯುತ್ತದೆ.

ಆಗಲೇ ತೆಗೆದ ಡೇಟಾ

ಚಾನೆಲ್ ರಿಪೇರಿ ಆದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ಅದು ರಿಪೇರಿಗಿಂತ ದೊಡ್ಡದು. ದೋಷ ಶುರುವಾದ ದಿನದಿಂದ ಆ ಚಾನೆಲ್‌ನಲ್ಲಿ ಬಂದ ಅಂಕಿಗಳನ್ನೆಲ್ಲ ಎಂಜಿನಿಯರ್‌ಗೆ ತೋರಿಸಿ. ನೀವೇ 130 ಕಳೆದು ಸರಿಮಾಡಲು ಹೋಗಬೇಡಿ. ಸೋರಿಕೆ ಗಂಟೆಗೊಂದು ರೀತಿ ಇತ್ತು, ಕಳೆಯಬೇಕಾದ ಅಂಕಿ ಯಾವ ಕ್ಷಣಕ್ಕೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಅನುಮಾನದ್ದು ಅಂತ ಗುರುತು ಹಾಕಿ ಒಪ್ಪಿಸಿ. ನನಗೆ ಹೇಳಲು ಭಯವಾಗಿತ್ತು, ಅದೂ ನಾನೇ ಝೀರೋ ಒತ್ತಿದ್ದರಿಂದ. ಹೇಳಿದೆ. ಎಂಜಿನಿಯರ್ ಬೈಯಲಿಲ್ಲ. ಎಷ್ಟು ಹೊತ್ತಿಗೆ ಒತ್ತಿದ್ದು, ಆಗ ಎಷ್ಟಿತ್ತು ಅಂತ ಕೇಳಿ ಬರೆದುಕೊಂಡರು.

ಆಮೇಲೆ ಅದೇ ದಿನ, ಅದೇ ಕೈ ಬೆಸುಗೆ ಹಾಕಿದ ಇನ್ನೂ ಹನ್ನೊಂದು ಗೇಜ್‌ಗಳ ಇನ್ಸುಲೇಷನ್ ನೋಡಿದೆವು. ಎರಡರಲ್ಲಿ ಗೆರೆಗಿಂತ ಕೆಳಗಿತ್ತು. ರೀಡಿಂಗ್‌ನಲ್ಲಿ ಇನ್ನೂ ಕಾಣುವಷ್ಟು ಆಗಿರಲಿಲ್ಲ, ಅಷ್ಟೇ. ಅವನ್ನೂ ತೊಳೆದೆವು.

ಮರುದಿನ ಬೆಳಿಗ್ಗೆ ಮತ್ತೆ ಮಳೆ. 7 ಗಂಟೆಗೆ 14ನೇ ಚಾನೆಲ್ ಮೈನಸ್ 4 ಇತ್ತು. ಝೀರೋ ಮುಟ್ಟದೆ ಬರೆದುಕೊಂಡೆ. ಲೋಡ್ ಹಾಕಿ ಇಳಿಸಿದ ಮೇಲೆ ಮೈನಸ್ 2. ಮಧ್ಯಾಹ್ನ ಶೆಡ್ ಕಾದ ಮೇಲೆ ಪ್ಲಸ್ 1. ಮೂರು ಅಂಕಿಯ ಪಕ್ಕದಲ್ಲೂ ಹೊತ್ತು ಮತ್ತು ಉಷ್ಣಾಂಶ ಬರೆದು ಸಹಿ ಹಾಕಿದೆ.